ಮನವಿ ಸಾಕು, ಪ್ರಶ್ನೆ ಬೇಕು



ನಮ್ಮ ಸಂಘದ ಕಚೇರಿಯಲ್ಲಿ ಹಳೆಯದೊಂದು ಕಬ್ಬಿಣದ ಬೀರು ಇದೆ. ಅದರ ಕೆಳಗಿನ ಅರೆಯಲ್ಲಿ ದಾರದಿಂದ ಬಿಗಿದ ಕಡತಗಳ ಕಟ್ಟೊಂದಿದೆ. ಹಲವು ವರುಷಗಳಿಂದ ನಾವು ಮಂತ್ರಿಗಳಿಗೂ ಸಂಸತ್ ಸದಸ್ಯರಿಗೂ ಶಾಸಕರಿಗೂ ಸಲ್ಲಿಸಿದ ಮನವಿ ಪತ್ರಗಳ ಪ್ರತಿಗಳು ಅವು. ಮಹಾಸಭೆಯ ವರದಿಯನ್ನು ಸಿದ್ಧಪಡಿಸುವ ಸಲುವಾಗಿ ಮೊನ್ನೆ ಆ ಕಟ್ಟನ್ನು ಬಿಚ್ಚಿ ನೋಡಿದೆವು. ಕೊಳೆರೋಗದ ಪರಿಹಾರ, ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ, ಕಾಡಾನೆಗಳ ಹಾವಳಿ, ಹೊರದೇಶದ ಅಡಿಕೆಯ ಆಮದು, ಕಾಫೀ ತೋಟಗಳ ಸಾಲ, ಹೀಗೆ ನಮ್ಮನ್ನು ಕಾಡಿದ ವಿಷಯಗಳಲ್ಲಿ ಅಲ್ಲಿ ಇಲ್ಲದಿರುವುದು ಒಂದೂ ಇಲ್ಲ. ಕೆಲವು ಮನವಿಗಳ ಜೊತೆಗೆ ಛಾಯಾಚಿತ್ರಗಳೂ ಇವೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಎಲ್ಲರ ನಗುಮುಖ. ಉತ್ತರ ಮಾತ್ರ ಒಂದಕ್ಕೂ ಇಲ್ಲ.

ಇದರಲ್ಲಿ ಯಾರೊಬ್ಬರನ್ನೂ ಹೆಸರಿಸಿ ದೂರುವುದು ನಮ್ಮ ಉದ್ದೇಶವಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಸಂಘದ ಉಗ್ರಾಣಕ್ಕೆ ಒಂದು ಮೂಟೆ ಚಾಲಿ ತಂದು ಹಾಕುವ ಬೆಳೆಗಾರ ತೂಕದ ಚೀಟಿ ಕೈಗೆ ಬಾರದೆ ಮೆಟ್ಟಿಲಿಳಿಯುವುದಿಲ್ಲ. ಮೂಟೆಯ ತೂಕ, ದರ್ಜೆ, ದಿನಾಂಕ, ಗುಮಾಸ್ತರ ರುಜು ಎಲ್ಲವನ್ನೂ ನೋಡಿಯೇ ಚೀಟಿಯನ್ನು ಜೇಬಿಗಿಳಿಸುತ್ತಾನೆ. ಅದೇ ಬೆಳೆಗಾರರಾದ ನಾವು ಇಡೀ ತಾಲೂಕಿನ ಸಂಕಟವನ್ನು ನಾಲ್ಕು ಪುಟಗಳಲ್ಲಿ ಬರೆದು, ಮಂತ್ರಿಗಳ ಕೈಗಿತ್ತು, “ಪರಿಶೀಲಿಸುತ್ತೇವೆ” ಎಂಬ ಒಂದು ಮಾತನ್ನು ಕೇಳಿ ತೃಪ್ತರಾಗಿ ಮನೆಗೆ ಮರಳುತ್ತೇವೆ. ಚೀಟಿ ಕೇಳುವುದು ನಮಗೆ ಹೊಳೆಯುವುದೇ ಇಲ್ಲ.

ಆಡಳಿತಕ್ಕೆ ಸಂಬಂಧಿಸಿದಂತೆ ಅಂಥ ಚೀಟಿಯೊಂದು ನಮ್ಮ ಸಂವಿಧಾನ ವ್ಯವಸ್ಥೆಯಲ್ಲಿ ಇದೆ. ಸಂಸತ್ತಿನಲ್ಲಿ ಮತ್ತು ವಿಧಾನಮಂಡಲದಲ್ಲಿ ಸದಸ್ಯರು ಬರಹದಲ್ಲಿ ಕೇಳುವ ಪ್ರಶ್ನೆ ಮತ್ತು ಮಂತ್ರಿಗಳು ಬರಹದಲ್ಲಿ ಕೊಡಲೇಬೇಕಾದ ಉತ್ತರವೇ ಅದು. ಮನವಿಗೆ ಉತ್ತರ ಕೊಡಬೇಕೆಂಬ ಕಟ್ಟುಪಾಡು ಯಾವ ಮಂತ್ರಿಗೂ ಇಲ್ಲ. ಅಂಗೀಕೃತವಾದ ಪ್ರಶ್ನೆಗೆ ಗೊತ್ತಾದ ದಿನ, ಸದನದ ಮುಂದೆ, ತನ್ನ ಹೆಸರಿನಲ್ಲಿ ಉತ್ತರವಿಡಬೇಕಾದ ಕಟ್ಟುಪಾಡು ಪ್ರತಿ ಮಂತ್ರಿಗೂ ಇದೆ. ಈ ವ್ಯತ್ಯಾಸವನ್ನು ಸದಸ್ಯರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಈ ಹಕ್ಕು ನಮಗೆ ತಾನಾಗಿ ಬಂದುದಲ್ಲ. ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿದಾಗ ರೈತರ ಮತ್ತು ವರ್ತಕರ ಪ್ರತಿನಿಧಿಗಳು ದಿವಾನರ ಭಾಷಣ ಕೇಳಿ ತಮ್ಮ ಅಹವಾಲುಗಳನ್ನು ಅರಿಕೆ ಮಾಡಿಕೊಂಡರು. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. ಬ್ರಿಟಿಷ್ ಇಂಡಿಯಾದಲ್ಲಿ ಶಾಸನ ಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ದೊರೆತದ್ದು 1892ರ ಇಂಡಿಯನ್ ಕೌನ್ಸಿಲ್ಸ್ ಕಾಯಿದೆಯಿಂದ. ಮೊದಲ ಪ್ರಶ್ನೆಯನ್ನು 1893ರ ಫೆಬ್ರವರಿ 16ರಂದು ಭಿಂಗಾದ ರಾಜರು ಕೇಳಿದರು. ಅಧಿಕಾರಿಗಳು ಪ್ರವಾಸ ಹೊರಟಾಗ ಅವರ ಬಿಡಾರಗಳಿಗೆ ದವಸ ಧಾನ್ಯ ಒದಗಿಸುವ ಪದ್ಧತಿಯಿಂದ ಹಳ್ಳಿಯ ಅಂಗಡಿಯವರಿಗೆ ಆಗುತ್ತಿದ್ದ ತೊಂದರೆಯನ್ನು ಕುರಿತ ಪ್ರಶ್ನೆ ಅದು. ನೂರಮೂವತ್ತು ವರುಷಗಳಿಗೂ ಹಿಂದಿನ ಈ ಮೊದಲ ಪ್ರಶ್ನೆ ಸಾಮ್ರಾಜ್ಯದ ಘನ ನೀತಿಯನ್ನು ಕುರಿತದ್ದಾಗಿರಲಿಲ್ಲ, ಹಳ್ಳಿಯ ಅಂಗಡಿಯ ಅಕ್ಕಿಬೇಳೆಯನ್ನು ಕುರಿತದ್ದಾಗಿತ್ತು. ಸಣ್ಣ ಬೆಳೆಗಾರನ ವಿಷಯವನ್ನು ದಿಲ್ಲಿಯಲ್ಲಿ ಕೇಳುವುದು ಹೇಗೆಂದು ಸಂಕೋಚಪಡುವವರು ಇದನ್ನು ನೆನಪಿಡಬೇಕು. ಕೊಟ್ಟ ಉತ್ತರದ ಮೇಲೆ, ಪ್ರಶ್ನೆ ಕೇಳಿದವರೇ ಉಪಪ್ರಶ್ನೆ ಹಾಕುವ ಹಕ್ಕು ಬರಲು 1909ರ ಕಾಯಿದೆಯವರೆಗೆ ಕಾಯಬೇಕಾಯಿತು.

ಈಗಿನ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಲೋಕಸಭೆಯಲ್ಲಿ ಪ್ರಶ್ನೆಗಳು ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದುನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರಹದ ಉತ್ತರವನ್ನು ಸದನದ ಮೇಜಿನ ಮೇಲೆ ಇಡಬೇಕು. ದಿನವೊಂದಕ್ಕೆ ಮೊದಲನೆಯ ಬಗೆಯವು 20, ಎರಡನೆಯ ಬಗೆಯವು 230. ರಾಜ್ಯಸಭೆಯಲ್ಲಿ ಈ ಸಂಖ್ಯೆಗಳು 15 ಮತ್ತು 160. ಬಂದ ಪ್ರಶ್ನೆಗಳು ಹೆಚ್ಚಾಗಿರುವುದರಿಂದ ಚೀಟಿ ಎತ್ತಿ ಸರದಿ ಗೊತ್ತುಮಾಡುತ್ತಾರೆ. ಲೋಕಸಭೆಯ ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನಗಳ ಮುನ್ಸೂಚನೆ ಕೊಡಬೇಕು. ಮಂತ್ರಾಲಯಗಳನ್ನು ಐದು ಗುಂಪುಗಳಾಗಿ ಮಾಡಿ ವಾರದ ಐದು ದಿನಗಳಿಗೆ ಹಂಚಿರುತ್ತಾರೆ. ಆದ್ದರಿಂದ ಯಾವ ಮಂತ್ರಾಲಯದ ಉತ್ತರ ಯಾವ ದಿನ ಎಂಬುದು ಮುಂಚೆಯೇ ತಿಳಿದಿರುತ್ತದೆ.

ಎದ್ದುನಿಂತು ಕೇಳುವ ಪ್ರಶ್ನೆಗೆ ಹೆಸರು ಹೆಚ್ಚು, ಪತ್ರಿಕೆಗಳಲ್ಲಿ ಜಾಗವೂ ಹೆಚ್ಚು. ಆದರೆ ಗದ್ದಲವಾಗಿ ಕಲಾಪ ನಿಂತರೆ ಆ ಗಂಟೆಯೇ ಹೋಗುತ್ತದೆ. ಬರಹದ ಉತ್ತರಕ್ಕೆ ಗದ್ದಲದ ಭಯವಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕೊರೋನಾ ಕಾರಣದಿಂದ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟು ಅಧಿವೇಶನ ನಡೆಸಿದಾಗಲೂ ಬರಹದ ಉತ್ತರಗಳು ಬಂದವು. ಈಗ ಸಂಸತ್ತಿನ ಜಾಲತಾಣದಲ್ಲಿ ಅವನ್ನು ಯಾರು ಬೇಕಾದರೂ ಓದಬಹುದು. ಹತ್ತು ವರುಷಗಳ ನಂತರವೂ ಆ ಕಾಗದ ಅಲ್ಲೇ ಇರುತ್ತದೆ. ಮಂತ್ರಿಗಳು ಬದಲಾಗಬಹುದು, ಪಕ್ಷಗಳು ಬದಲಾಗಬಹುದು, ಕೊಟ್ಟ ಅಂಕಿ ಬದಲಾಗುವುದಿಲ್ಲ.

ಪ್ರಶ್ನೆಯಿಂದ ಏನಾದೀತು ಎಂದು ಕೇಳುವವರಿಗೆ ಒಂದು ಹಳೆಯ ಪ್ರಕರಣವನ್ನು ಜ್ಞಾಪಿಸಬಯಸುತ್ತೇವೆ. 1956ರಲ್ಲಿ ಸ್ಥಾಪನೆಯಾದ ಜೀವವಿಮಾ ನಿಗಮವು ಮರುವರುಷ ಹರಿದಾಸ್ ಮುಂದ್ರಾ ಎಂಬ ಉದ್ಯಮಿಗೆ ಸಂಬಂಧಿಸಿದ ಆರು ಕಂಪೆನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಕೊಂಡಿತು. ಪಾಲಿಸಿದಾರರ ಹಣ ಅದು. 1957ರ ಸೆಪ್ಟೆಂಬರಿನಲ್ಲಿ ರಾಮ್ ಸುಭಗ್ ಸಿಂಗ್ ಅವರು ಲೋಕಸಭೆಯಲ್ಲಿ ಈ ಬಗೆಯ ವ್ಯವಹಾರವನ್ನು ಕುರಿತು ಪ್ರಶ್ನೆ ಕೇಳಿದರು. ಬಂದ ಉತ್ತರದಿಂದ ಸಮಾಧಾನವಾಗಲಿಲ್ಲ. ನವೆಂಬರಿನಲ್ಲಿ ಮತ್ತೆ ಪ್ರಶ್ನೆ ಬಂತು. ಡಿಸೆಂಬರ್ 16ರಂದು ಫಿರೋಜ್ ಗಾಂಧಿಯವರು ಕಾಗದ ಪತ್ರ, ತಾರೀಖು, ದರಗಳ ಸಮೇತ ವಿಷಯವನ್ನು ಸದನದ ಮುಂದೆ ಬಿಚ್ಚಿಟ್ಟರು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಂ. ಸಿ. ಛಾಗ್ಲಾ ಅವರ ಆಯೋಗದ ಮುಂದೆ ಬಹಿರಂಗ ವಿಚಾರಣೆ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು.

ಇದರಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಪ್ರಶ್ನೆ ಕೇಳಿದ ಇಬ್ಬರೂ ಆಡಳಿತ ಪಕ್ಷಕ್ಕೇ ಸೇರಿದವರು. ಫಿರೋಜ್ ಗಾಂಧಿಯವರಂತೂ ಪ್ರಧಾನಮಂತ್ರಿಗಳ ಅಳಿಯ. ಪ್ರಶ್ನೆ ಕೇಳುವುದು ವಿರೋಧ ಪಕ್ಷದವರ ಕೆಲಸ, ನಮ್ಮ ಸದಸ್ಯರು ಸರಕಾರದ ಕಡೆಯವರು, ಅವರನ್ನು ಮುಜುಗರಕ್ಕೆ ಸಿಕ್ಕಿಸಬಾರದು ಎಂಬ ಮಾತಿಗೆ ಇದೇ ಉತ್ತರ. ಎರಡನೆಯದಾಗಿ, ಮೊದಲ ಉತ್ತರ ಹಾರಿಕೆಯದಾದಾಗ ಅವರು ಕೈಚೆಲ್ಲಲಿಲ್ಲ. ಒಂದು ಪ್ರಶ್ನೆಯ ಉತ್ತರದಿಂದ ಮುಂದಿನ ಪ್ರಶ್ನೆಯನ್ನು ಹುಟ್ಟಿಸಿದರು.

ಈಗ ನಮ್ಮ ತೋಟದ ವಿಷಯಕ್ಕೆ ಬರೋಣ. ಅಡಿಕೆ, ಕಾಫೀ ಕುರಿತು ಸದನಗಳಲ್ಲಿ ಪ್ರಶ್ನೆಗಳು ಬರುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಬರುತ್ತವೆ. ಆದರೆ ಹಲವು ಪ್ರಶ್ನೆಗಳ ಧಾಟಿ ಹೀಗಿರುತ್ತದೆ: “ಬೆಳೆಗಾರರು ಸಂಕಷ್ಟದಲ್ಲಿರುವುದು ಸರಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?” ಇದಕ್ಕೆ ಬರುವ ಉತ್ತರವನ್ನು ಓದುಗರೇ ಊಹಿಸಬಲ್ಲರು. “ಬಂದಿದೆ. ಸರಕಾರವು ಕಾಲಕಾಲಕ್ಕೆ ಸೂಕ್ತ ಕ್ರಮ ಕೈಗೊಳ್ಳುತ್ತಿದೆ.” “ಬಂದಿಲ್ಲ” ಎಂದು ಉತ್ತರ ಬಂದರೆ ಎರಡನೆಯ ಭಾಗಕ್ಕೆ “ಉದ್ಭವಿಸುವುದಿಲ್ಲ” ಎಂಬ ಒಂದೇ ಪದ ಸಾಕು. ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡಂತೆ. ಇಲ್ಲಿ ಮಂತ್ರಿ ತಪ್ಪಿಸಿಕೊಂಡರೆಂದು ಬಯ್ಯುವಂತಿಲ್ಲ. ಪ್ರಶ್ನೆಯೇ ಬಾಗಿಲನ್ನು ತೆರೆದಿಟ್ಟಿತ್ತು.

ಆಮದಿನ ವಿಷಯವನ್ನೇ ತೆಗೆದುಕೊಳ್ಳೋಣ. ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಲಾಯಿತು. ಅದಕ್ಕೂ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಭೂತಾನದಿಂದ ವರುಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಸಿಕ್ಕಿತ್ತು. ಹುರಿದ ಅಡಿಕೆಯೆಂಬ ಹೆಸರಿನಲ್ಲಿ ಬರುವ ಮಾಲನ್ನೂ 351 ರೂಪಾಯಿಯ ಕಟ್ಟಿಗೆ ಒಳಪಡಿಸಿದ್ದು 2025ರಲ್ಲಿ. ಇವೆಲ್ಲ ಕಾಗದದ ಮೇಲಿನ ನಿಯಮಗಳು. ಕಾಗದದಲ್ಲಿರುವುದು ಬಂದರಿನಲ್ಲಿಯೂ ಗಡಿಯಲ್ಲಿಯೂ ನಡೆಯುತ್ತಿದೆಯೇ ಎಂಬುದು ನಮಗೆ ಬೇಕಾದ ಸಂಗತಿ. ಅದನ್ನು ಹೀಗೆ ಕೇಳಬಹುದು:

(ಅ) ಕಳೆದ ಮೂರು ವರುಷಗಳಲ್ಲಿ, ವರುಷವಾರು, ದೇಶವಾರು ಮತ್ತು ಬಂದರುವಾರು ಆಮದಾದ ಅಡಿಕೆಯ ಪ್ರಮಾಣವೆಷ್ಟು? ಕಿಲೋಗೆ ಘೋಷಿಸಿದ ಬೆಲೆಯೆಷ್ಟು?

(ಆ) ಭೂತಾನದಿಂದ ವಿಶೇಷ ಅನುಮತಿಯ ಮೇರೆಗೆ ಪ್ರತಿ ವರುಷ ನಿಜವಾಗಿ ಬಂದ ಪ್ರಮಾಣವೆಷ್ಟು?

(ಇ) ಇದೇ ಅವಧಿಯಲ್ಲಿ ಜಪ್ತಿಯಾದ ಅಡಿಕೆಯ ಪ್ರಮಾಣವೆಷ್ಟು? ಎಲ್ಲೆಲ್ಲಿ ಜಪ್ತಿಯಾಯಿತು?

(ಈ) ಜಪ್ತಿಯಾದ ಮಾಲಿನಲ್ಲಿ ನಾಶಪಡಿಸಿದ್ದೆಷ್ಟು, ಹಿಂದಕ್ಕೆ ಕಳುಹಿಸಿದ್ದೆಷ್ಟು, ಹರಾಜು ಹಾಕಿದ್ದೆಷ್ಟು? ಹರಾಜಾದ ಮಾಲಿಗೆ ಬಂದ ದರವೆಷ್ಟು?

ಇದರಲ್ಲಿ ಒಂದು ಬಿರುಸು ಮಾತಿಲ್ಲ. ಲೋಕಸಭೆಯ ನಿಯಮಗಳ ಪ್ರಕಾರ ಇರಲೂ ಕೂಡದು. ಪ್ರಶ್ನೆ 150 ಪದಗಳನ್ನು ಮೀರಬಾರದು. ವಾದ, ವ್ಯಂಗ್ಯ, ಆರೋಪ, ವಿಶೇಷಣಗಳು ಇರಬಾರದು. ಮಂತ್ರಿಯ ಅಭಿಪ್ರಾಯ ಕೇಳಬಾರದು. ನ್ಯಾಯಾಲಯದ ಮುಂದಿರುವ ವಿಷಯವನ್ನು ಎತ್ತಬಾರದು. ನಮ್ಮ ಮನವಿಗಳಲ್ಲಿ ತುಂಬಿರುವ “ಕಂಗಾಲಾದ”, “ಬೀದಿಪಾಲಾದ”, “ಕುಂಭಕರ್ಣ ನಿದ್ರೆ” ಮುಂತಾದ ಮಾತುಗಳಿಗೆ ಅಲ್ಲಿ ಪ್ರವೇಶವಿಲ್ಲ. ಅದರಿಂದ ನಷ್ಟವೇನೂ ಇಲ್ಲ. ಎಷ್ಟು, ಎಲ್ಲಿ, ಯಾವಾಗ, ಯಾರಿಂದ ಎಂಬ ನಾಲ್ಕು ಪದಗಳು ಮಾಡುವ ಕೆಲಸವನ್ನು ನಾಲ್ಕು ಪುಟಗಳ ಗೋಳು ಮಾಡಲಾರದು.

ಪ್ರಶ್ನೆಯನ್ನು ಯಾವ ಮಂತ್ರಾಲಯಕ್ಕೆ ಹಾಕಬೇಕೆಂಬುದೂ ಮುಖ್ಯ. ಕಾಫೀ ಬೆಳೆ ನಮ್ಮ ಕಣ್ಣಿಗೆ ವ್ಯವಸಾಯವೇ. ಆದರೆ ಕಾಫೀ ಮಂಡಳಿಯೂ ಅದರ ಅಡಿಯಲ್ಲಿರುವ ಬಾಳೆಹೊನ್ನೂರಿನ ಸಂಶೋಧನಾ ಸಂಸ್ಥೆಯೂ ಸೇರಿರುವುದು ವಾಣಿಜ್ಯ ಮಂತ್ರಾಲಯಕ್ಕೆ. ಅಡಿಕೆಯ ಸಂಶೋಧನೆ ಮಾಡುವ ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ಕೃಷಿ ಮಂತ್ರಾಲಯದ ಕಡೆಯದು. ಕನಿಷ್ಠ ಆಮದು ಬೆಲೆ ವಾಣಿಜ್ಯದವರದು. ಸುಂಕ, ಜಪ್ತಿ, ಕಳ್ಳಸಾಗಣೆ ಹಣಕಾಸಿನವರದು. ಆಹಾರದ ಗುಣಮಟ್ಟ ಆರೋಗ್ಯದವರದು. ಒಂದು ಅಡಿಕೆಗೆ ನಾಲ್ಕು ಯಜಮಾನರು. ತಪ್ಪು ಬಾಗಿಲು ತಟ್ಟಿದರೆ “ಈ ವಿಷಯ ನಮಗೆ ಸಂಬಂಧಿಸಿಲ್ಲ” ಎಂಬ ಉತ್ತರಕ್ಕೆ ಒಂದು ಅಧಿವೇಶನ ಕಳೆದುಹೋಗುತ್ತದೆ. ಮೇಲಿನ ಪ್ರಶ್ನೆಯಲ್ಲೇ (ಇ) ಮತ್ತು (ಈ) ಭಾಗಗಳು ಹಣಕಾಸು ಮಂತ್ರಾಲಯಕ್ಕೆ ಹೋಗಬೇಕಾದವು. ಅದಕ್ಕಾಗಿ ಅದನ್ನು ಎರಡು ಪ್ರಶ್ನೆಗಳನ್ನಾಗಿ ಒಡೆಯುವುದೇ ಜಾಣತನ.

ಕಾಡಾನೆ ಹಾವಳಿಯ ಪರಿಹಾರ ಕೊಡುವುದು ರಾಜ್ಯದ ಅರಣ್ಯ ಇಲಾಖೆ. ಆ ಪ್ರಶ್ನೆಯ ಜಾಗ ವಿಧಾನಸಭೆ ಅಥವಾ ವಿಧಾನಪರಿಷತ್ತು. ಅಲ್ಲಿಯೂ ಚುಕ್ಕೆ ಗುರುತಿನ ಮತ್ತು ಗುರುತಿಲ್ಲದ ಪ್ರಶ್ನೆಗಳ ಕ್ರಮವಿದೆ, ಉತ್ತರ ಕನ್ನಡದಲ್ಲಿಯೇ ಸಿಗುವ ಅನುಕೂಲವೂ ಇದೆ. “ಆನೆ ಹಾವಳಿ ತಡೆಗೆ ಕ್ರಮವೇನು” ಎಂದು ಕೇಳುವ ಬದಲು, ತಾಲೂಕುವಾರು ಬಂದ ಪರಿಹಾರದ ಅರ್ಜಿಗಳೆಷ್ಟು, ಹಣ ಸಂದಾಯವಾದವೆಷ್ಟು, ತಿರಸ್ಕರಿಸಿದವೆಷ್ಟು, ಅರ್ಜಿ ಬಂದ ದಿನದಿಂದ ಹಣ ಸಂದ ದಿನದವರೆಗೆ ಹಿಡಿದ ಕಾಲವೆಷ್ಟು ಎಂದು ಕೇಳಲಿ. ಆಗ ಸಕಲೇಶಪುರದ ಬೆಳೆಗಾರನಿಗೂ ಸೋಮವಾರಪೇಟೆಯ ಬೆಳೆಗಾರನಿಗೂ ತಮ್ಮ ಅರ್ಜಿ ಯಾವ ಸಾಲಿನಲ್ಲಿ ನಿಂತಿದೆಯೆಂದು ತಿಳಿಯುತ್ತದೆ.

ಉತ್ತರ ಬಂದ ಮೇಲೆ ಅದನ್ನು ಓದುವುದೂ ಒಂದು ವಿದ್ಯೆ. 2020ರ ಸೆಪ್ಟೆಂಬರ್ 14ರಂದು, ಲಾಕ್‌ಡೌನ್ ಕಾಲದಲ್ಲಿ ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರೆಷ್ಟು, ಅವರ ಕುಟುಂಬಗಳಿಗೆ ಪರಿಹಾರ ಕೊಡಲಾಗಿದೆಯೇ ಎಂಬ ಪ್ರಶ್ನೆಗೆ ಕೇಂದ್ರ ಕಾರ್ಮಿಕ ಮಂತ್ರಾಲಯ ಲೋಕಸಭೆಯಲ್ಲಿ ಬರಹದ ಉತ್ತರ ಕೊಟ್ಟಿತು. ಅಂಥ ಅಂಕಿಅಂಶವನ್ನು ಇಟ್ಟಿಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂಬುದು ಅದರ ತಾತ್ಪರ್ಯ. ಊರಿಗೆ ಮರಳಿದವರು ಒಂದು ಕೋಟಿಗೂ ಹೆಚ್ಚು ಎಂಬ ಲೆಕ್ಕ ಮಾತ್ರ ಆಗ ಸರಕಾರದ ಬಳಿ ಇತ್ತು. ಮರಳಿದವರ ಲೆಕ್ಕವಿದ್ದು ದಾರಿಯಲ್ಲಿ ಸತ್ತವರ ಲೆಕ್ಕವಿಲ್ಲವೆಂಬ ಸಂಗತಿ ಯಾವ ಭಾಷಣದಿಂದಲೂ ಹೊರಬಿದ್ದುದಲ್ಲ. ಒಂದು ಪ್ರಶ್ನೆ ಅದನ್ನು ಬರಹಕ್ಕೆ ತಂದಿತು. ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ನೋಂದಣಿ ಶುರುವಾದದ್ದು, ಸುಪ್ರೀಂ ಕೋರ್ಟು ಅದಕ್ಕಾಗಿ ಒತ್ತಾಯಿಸಿದ ನಂತರ, 2021ರ ಆಗಸ್ಟಿನಲ್ಲಿ. ನಮ್ಮ ತೋಟಗಳಲ್ಲಿ ಕಾಫೀ ಕುಯ್ಯುವವರಲ್ಲಿ ಹೊರರಾಜ್ಯಗಳಿಂದ ಬಂದವರು ಎಷ್ಟಿದ್ದಾರೆಂದು ಬಲ್ಲ ನಮಗೆ ಇದು ದೂರದ ವಿಷಯವಲ್ಲ. “ಲೆಕ್ಕವಿಲ್ಲ” ಎಂಬುದೂ ಒಂದು ಉತ್ತರವೇ. “ಹಾಗಾದರೆ ಲೆಕ್ಕ ಇಡುವುದು ಯಾವಾಗ?” ಎಂಬುದು ಮುಂದಿನ ಪ್ರಶ್ನೆ.

“ಪರಿಶೀಲನೆಯಲ್ಲಿದೆ”, “ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು” ಎಂಬ ಉತ್ತರಗಳನ್ನು ಕಂಡು ನಾವು ನಿರಾಶರಾಗುತ್ತೇವೆ. ಮನವಿಗೆ ಬಂದ “ಪರಿಶೀಲಿಸುತ್ತೇವೆ” ಗಾಳಿಯ ಮಾತು. ಸದನದಲ್ಲಿ ಹೇಳಿದ ಅದೇ ಮಾತು ಭರವಸೆ ಎನಿಸಿಕೊಳ್ಳುತ್ತದೆ. ಲೋಕಸಭೆಯಲ್ಲಿ 1953ರಿಂದಲೂ ಸರಕಾರೀ ಭರವಸೆಗಳ ಸಮಿತಿ ಇದೆ. ಮಂತ್ರಿಗಳು ಕೊಟ್ಟ ಭರವಸೆಗಳನ್ನು ಪಟ್ಟಿಮಾಡಿ, ಈಡೇರಿದವೇ ಇಲ್ಲವೇ ಎಂದು ನೋಡುವುದೇ ಅದರ ಕೆಲಸ. ಮೂರು ತಿಂಗಳಲ್ಲಿ ಈಡೇರಿಸಬೇಕೆಂಬುದು ನಿಯಮ. ವರುಷಗಟ್ಟಲೆ ಉಳಿದುಹೋಗುವವೂ ಇವೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಬಾಕಿ ಬರೆದಿಟ್ಟ ಪುಸ್ತಕ ಇದೆಯಲ್ಲ, ಅದು ದೊಡ್ಡದು. ತಪ್ಪು ಉತ್ತರ ಕೊಟ್ಟರೆ ಅದನ್ನು ಸಭಾಧ್ಯಕ್ಷರ ಗಮನಕ್ಕೆ ತಂದು ತಿದ್ದಿಸುವ ದಾರಿಯೂ ಸದಸ್ಯರಿಗೆ ಇದೆ. ಅದಕ್ಕೆ ಬೇಕಾದ ಸಾಕ್ಷ್ಯವನ್ನು ಒದಗಿಸಬಲ್ಲವರು ಗಡಿಯ, ಮಾರುಕಟ್ಟೆಯ, ತೋಟದ ಸ್ಥಿತಿ ಕಂಡ ನಾವೇ.

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳಲೇಬೇಕು.

ಪ್ರಶ್ನೆಯನ್ನು ಎಂದೂ ಕೊಳ್ಳಬಾರದು. 2005ರ ಡಿಸೆಂಬರಿನಲ್ಲಿ ಹಣ ಪಡೆದು ಪ್ರಶ್ನೆ ಕೇಳಿದ ಪ್ರಕರಣದಲ್ಲಿ ಲೋಕಸಭೆಯ 10 ಮಂದಿ ಮತ್ತು ರಾಜ್ಯಸಭೆಯ ಒಬ್ಬರು ಸದಸ್ಯತ್ವ ಕಳೆದುಕೊಂಡರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅಡಿಕೆ ಬೆಳೆಯುವ ನಮಗೆ ಬೇರೆಯವರು ಹೇಳಿಕೊಡಬೇಕಾದದ್ದಲ್ಲ. ಸಂಘ ಕಳುಹಿಸುವ ಪ್ರತಿ ಪ್ರಶ್ನೆಯೂ ಸಂಘದ ಕಾಗದದಲ್ಲಿ, ಅಧ್ಯಕ್ಷರ ರುಜುವಿನೊಡನೆ, ಪ್ರತಿಯನ್ನು ಇಟ್ಟುಕೊಂಡು ಬಹಿರಂಗವಾಗಿ ಹೋಗಬೇಕು. ಹಾರ ಶಾಲುಗಳನ್ನೂ ಅದರ ಜೊತೆ ಸೇರಿಸಬೇಕಾಗಿಲ್ಲ.

ನಮಗೆ ಹಿತವಾದ ಉತ್ತರ ಬರುವ ಪ್ರಶ್ನೆಗಳನ್ನಷ್ಟೇ ಕೇಳುವುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇದನ್ನು ನಾವು ಸಭೆಗಳಲ್ಲಿ ಖಂಡಿಸುತ್ತ ಬಂದಿದ್ದೇವೆ. ಖಂಡನೆಯಿಂದ ವಿಜ್ಞಾನ ಬದಲಾಗುವುದಿಲ್ಲ. ತಂಬಾಕಿನ ಜೊತೆ ಸೇರಿಸದೆ ಅಡಿಕೆಯೊಂದನ್ನೇ ಕುರಿತು ಸರಕಾರ ನಡೆಸಿದ ಸಂಶೋಧನೆ ಯಾವುದು, ಯಾವ ಸಂಸ್ಥೆ ನಡೆಸಿತು, ಖರ್ಚೆಷ್ಟು, ಫಲಿತಾಂಶ ಎಲ್ಲಿ ಪ್ರಕಟವಾಗಿದೆ ಎಂದು ಕೇಳಬೇಕು. ಉತ್ತರ ನಮಗೆ ಕಹಿಯಾಗಬಹುದು. ಕಹಿಯಾದರೂ ಮುಂದಿನ ಪೀಳಿಗೆಯವರು ತೋಟದಲ್ಲಿ ಏನು ನೆಡಬೇಕೆಂದು ತೀರ್ಮಾನಿಸಲು ಅದು ಬೇಕು. ಸತ್ಯ ತಿಳಿಯುವ ಇಷ್ಟವಿಲ್ಲದವನ ಪ್ರಶ್ನೆಗೆ ಬೆಲೆಯಿಲ್ಲ.

ಇದನ್ನೆಲ್ಲ ಮಾಡಿದರೆ ಚಾಲಿಯ ಧಾರಣೆ ಕಿಲೋಗೆ ಒಂದು ರೂಪಾಯಿ ಏರೀತೇ ಎಂದು ಸದಸ್ಯರೊಬ್ಬರು ನಮ್ಮನ್ನು ಕೇಳಿದರು. ಏರಲಾರದು. ಪ್ರಶ್ನೆ ಬೋರ್ಡೋ ದ್ರಾವಣವಲ್ಲ, ಹೊಡೆದ ವಾರಕ್ಕೆ ಗುಣ ಕಾಣಿಸಲು. ಮೊದಲ ಉತ್ತರ ಹೆಚ್ಚಾಗಿ ಹಾರಿಕೆಯದೇ ಆಗಿರುತ್ತದೆ. ಕೆಲವು ಪ್ರಶ್ನೆಗಳು ಚೀಟಿಯಲ್ಲಿ ಏಳುವುದೇ ಇಲ್ಲ. ಆದರೆ ಒಬ್ಬ ಅಧಿಕಾರಿ ಕಡತ ತೆಗೆದು ಲೆಕ್ಕ ಹಾಕಬೇಕಾಗುತ್ತದೆ, ಮೇಲಿನವರು ಅದನ್ನು ನೋಡಬೇಕಾಗುತ್ತದೆ, ಮಂತ್ರಿ ಅದನ್ನು ಒಪ್ಪಬೇಕಾಗುತ್ತದೆ. ತಮ್ಮನ್ನು ಕೇಳುವವರಿದ್ದಾರೆಂಬ ಅರಿವು ಕಚೇರಿಗಳಲ್ಲಿ ಮೂಡುವುದೇ ಮೊದಲ ಫಲ. ಬಂದ ಅಂಕಿಯನ್ನು ಕೈಯಲ್ಲಿ ಹಿಡಿದು ಮಾತಾಡುವ ಸಂಘದ ಮಾತಿಗೂ, ಕೇವಲ ಕಷ್ಟ ತೋಡಿಕೊಳ್ಳುವ ಸಂಘದ ಮಾತಿಗೂ ಇರುವ ತೂಕ ಬೇರೆ ಬೇರೆ.

ಆದ್ದರಿಂದ ನಮ್ಮ ಸಲಹೆಗಳು ಇಷ್ಟು. ಪ್ರತಿ ಪ್ರಾಥಮಿಕ ಸಂಘವೂ ವರುಷಕ್ಕೆ ಎರಡು ಪ್ರಶ್ನೆಗಳನ್ನು ತನ್ನ ಊರಿನ ಅನುಭವದಿಂದ ಬರೆದು ಕಳುಹಿಸಲಿ. ಅದಕ್ಕೆ ಮೊದಲು, ಸುಲಭವಾಗಿ ಸಿಗುವ ಮಾಹಿತಿಯನ್ನು ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಹಾಕಿ ಪಡೆದುಕೊಳ್ಳಲಿ. ಆ ಕಾಯಿದೆಯಲ್ಲಿ ಉತ್ತರಕ್ಕೆ 30 ದಿನಗಳ ಗಡುವಿದೆ. ಅರ್ಜಿಯಿಂದ ಕಡತ ಸಿಗುತ್ತದೆ, ಪ್ರಶ್ನೆಯಿಂದ ಮಂತ್ರಿಯ ಮಾತು ಸಿಗುತ್ತದೆ, ಎರಡೂ ಬೇಕು. ಬಂದ ಪ್ರಶ್ನೆಗಳನ್ನು ತಿದ್ದಿ, ಮಂತ್ರಾಲಯವಾರು ವಿಂಗಡಿಸಿ, ಸದಸ್ಯರಿಗೆ ತಲುಪಿಸಲು ಸಂಘದಲ್ಲಿ ಮೂರು ಮಂದಿಯ ಒಂದು ಉಪಸಮಿತಿ ಇರಲಿ. ನಮ್ಮ ರಾಜ್ಯದಿಂದ ಲೋಕಸಭೆಗೆ 28 ಮಂದಿ, ರಾಜ್ಯಸಭೆಗೆ 12 ಮಂದಿ ಇದ್ದಾರೆ. ಮಂತ್ರಿಗಳಾಗಿರುವವರು ಪ್ರಶ್ನೆ ಕೇಳುವಂತಿಲ್ಲ, ಉಳಿದವರೆಲ್ಲರೂ ಕೇಳಬಲ್ಲರು. ನಮ್ಮ ಕ್ಷೇತ್ರದವರು ಒಪ್ಪದಿದ್ದರೆ ಪಕ್ಕದ ಕ್ಷೇತ್ರದವರನ್ನು ಕೇಳೋಣ. ಪಕ್ಷವನ್ನು ನೋಡಬೇಕಾಗಿಲ್ಲ.

ಬಂದ ಉತ್ತರಗಳು ಇಂಗ್ಲಿಷು ಹಿಂದಿಗಳಲ್ಲೇ ಇರುವುದರಿಂದ, ಅವನ್ನು ಕನ್ನಡಕ್ಕೆ ತಂದು, ಪ್ರಶ್ನೆ ಕೇಳಿದವರ ಹೆಸರು, ಉತ್ತರಿಸಿದ ಮಂತ್ರಿಯ ಹೆಸರು, ದಿನಾಂಕ ಸಮೇತ ಈ ಪತ್ರಿಕೆಯಲ್ಲಿ ಅಚ್ಚುಹಾಕುತ್ತೇವೆ. ಒಳ್ಳೆಯ ಉತ್ತರವನ್ನೂ ಹಾರಿಕೆಯ ಉತ್ತರವನ್ನೂ ಒಂದೇ ಅಕ್ಷರದ ಗಾತ್ರದಲ್ಲಿ ಹಾಕುತ್ತೇವೆ. ಪ್ರಶ್ನೆ ಕಳುಹಿಸಿಯೂ ಕೇಳದೆ ಬಿಟ್ಟ ಸದಸ್ಯರಿದ್ದರೆ ಆ ಸಂಗತಿಯನ್ನೂ ಬಿಡುವುದಿಲ್ಲ.

ಸಂಸತ್ತಿನ ಮಳೆಗಾಲದ ಅಧಿವೇಶನ ಸಾಮಾನ್ಯವಾಗಿ ನಾವು ಬೋರ್ಡೋ ಹೊಡೆಯುವ ಹೊತ್ತಿಗೆ ಬರುತ್ತದೆ. ಚಳಿಗಾಲದ ಅಧಿವೇಶನ ಕೊನೆ ಇಳಿಸುವ, ಕಾಫೀ ಕುಯ್ಯುವ ಹೊತ್ತಿಗೆ. ಎರಡೂ ನಮಗೆ ಪುರುಸೊತ್ತಿಲ್ಲದ ಕಾಲ. ಅಧಿವೇಶನ ಕರೆದ ಮೇಲೆ ಪ್ರಶ್ನೆ ಬರೆಯಲು ಕುಳಿತರೆ ಮುನ್ಸೂಚನೆಯ ದಿನಗಳೇ ಮುಗಿದಿರುತ್ತವೆ. ಆದಕಾರಣ ಈಗಲೇ, ಅಂಗಳದ ಕೆಲಸ ಮುಗಿಸಿ ಕುಳಿತ ಸಂಜೆಯೊಂದರಲ್ಲಿ, ನಿಮ್ಮ ಊರಿನ ಒಂದು ಸಂಗತಿಯನ್ನು ಅಂಚೆ ಕಾರ್ಡಿನಷ್ಟು ಜಾಗದಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿ. ಭಾಷೆ ಹೇಗಿದ್ದರೂ ಚಿಂತೆಯಿಲ್ಲ, ತಿದ್ದುವ ಕೆಲಸ ನಮ್ಮದು. ಊರು, ತಾರೀಖು, ಪ್ರಮಾಣ ಇವು ಮೂರು ಸರಿಯಾಗಿರಲಿ.

ಆ ಬೀರುವಿನ ಕೆಳಗಿನ ಅರೆಯನ್ನು ನಾವು ಖಾಲಿ ಮಾಡಿಸಿದ್ದೇವೆ. ಮನವಿಗಳ ಕಟ್ಟನ್ನು ಅಟ್ಟಕ್ಕೆ ಏರಿಸಿ, ಆ ಜಾಗದಲ್ಲಿ ಒಂದು ಹೊಸ ಕಡತವನ್ನು ಇಟ್ಟಿದ್ದೇವೆ. ಅದರ ಎಡ ಪುಟದಲ್ಲಿ ಪ್ರಶ್ನೆ, ಬಲ ಪುಟದಲ್ಲಿ ಉತ್ತರ. ಎಡ ಪುಟವನ್ನು ತುಂಬುವ ಹೊಣೆ ನಮ್ಮ ನಿಮ್ಮೆಲ್ಲರದು.